ಹಳದಿ ಚೀಲದ ದೋಣಿ

ನನ್ನ ಹೆಂಡತಿ ನನ್ನನ್ನು ಮೊದಲ ಸಲ ಕಂಡ ದಿನವೇ ಇಡೀ ಗುಂಪಿನಲ್ಲಿ ನನ್ನೊಬ್ಬನನ್ನೇ ಆರಿಸಿಕೊಂಡಳು ಎಂದು ನಾನು ಬಹಳ ವರ್ಷ ಎದೆಯುಬ್ಬಿಸಿಕೊಂಡು ತಿರುಗಿದವನು. ಮದುವೆಗೆ ಬಂದವರಿಗೆಲ್ಲ ಹೇಳಿದೆ, ಗ್ಯಾರೇಜಿನಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಾಗಲೂ ನೊರೆಯ ನಡುವಿನಿಂದಲೇ ಹೇಳಿದೆ. ಕೇಳಿದವರು ತಲೆದೂಗಿದರು. ಅವಳು ಮಾತ್ರ ಆ ಮಾತು ಬಂದಾಗಲೆಲ್ಲ ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ. ನನ್ನ ತಲೆಗೆ ಹೊಳೆದದ್ದು ಅಷ್ಟೇ.

ಅವಳ ಕೆಲಸ ಜನರನ್ನು ಕಡಲಿಗೆ ಕರೆದುಕೊಂಡು ಹೋಗುವುದು. ಕಯಾಕ್ ನೋಡದವರಿಗೆ ಹೇಳುತ್ತೇನೆ: ಒಬ್ಬರು ಕಾಲು ಚಾಚಿ ಕೂರುವಷ್ಟೇ ಅಗಲದ, ಉದ್ದ ಮೂತಿಯ ದೋಣಿ ಅದು. ಸೊಂಟದವರೆಗೆ ನೀವು ದೋಣಿಯೊಳಗೆ, ಮೇಲಿನ ಅರ್ಧ ಹೊರಗೆ. ಕೈಯಲ್ಲಿ ಎರಡೂ ತುದಿಗೆ ಅಲಗಿರುವ ಹುಟ್ಟು. ಹಾಗೆ ಕೂತುಕೊಂಡು, ರಸ್ತೆಯಿಲ್ಲದ ಮನೆಯಿಲ್ಲದ, ಬರೀ ಬಂಡೆ, ಗುಹೆ, ಕಡಲಕ್ಕಿಗಳಿರುವ ದಡದ ಉದ್ದಕ್ಕೂ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೋಗುವುದು. ರಜೆ ಹಾಕಿ ಬಂದು ಯಾಕಪ್ಪಾ ಈ ಪಾಡು ಪಡುತ್ತಾರೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಬರುತ್ತಾರೆ. ಬಂದವರು ಮೈಯೆಲ್ಲ ಉಪ್ಪು ಮಾಡಿಕೊಂಡು, ಮಗುವಿನ ಹಾಗೆ ನಗುತ್ತ ಇಳಿಯುತ್ತಾರೆ.

ನಾನು ಹೋದದ್ದು ಗ್ಯಾರೇಜಿನ ಗೆಳೆಯರು ಕತ್ತು ಹಿಡಿದು ಎಳೆದುಕೊಂಡು ಹೋದರು ಅಂತ. ನನಗೆ ಭಯವಾದರೆ ಬಾಯಿ ಸುಮ್ಮನಿರುವುದಿಲ್ಲ. ಅವತ್ತು ಮರಳ ಮೇಲೆ ನಿಂತು ನಾನು ಹೊಡೆದ ಜೋಕುಗಳನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ. ಅಷ್ಟರಲ್ಲಿ ಈ ಗೈಡಮ್ಮ, ಬಿಸಿಲಿಗೆ ಮೂಗಿನ ತುದಿ ಸುಲಿದ ಹೆಂಗಸು, ಕೈಯಲ್ಲೊಂದು ಹಳದಿ ಚೀಲ ಹಿಡಿದುಕೊಂಡು ಬಂದಳು. ಎಲ್ಲರನ್ನೂ ಒಂದು ಸುತ್ತು ನೋಡಿದಳು. ನೆಟ್ಟಗೆ ನನ್ನ ಹತ್ತಿರ ಬಂದಳು.

"ಇದರಲ್ಲಿ ಎಲ್ಲರಿಗೂ ಬೇಕಾಗೋ ತುರ್ತಿನ ಸಾಮಾನಿದೆ. ಗಟ್ಟಿ ಕೈಯವರ ಹತ್ತಿರಾನೇ ಇರಬೇಕು. ನೀವು ಇಟ್ಕೊಳ್ಳಿ."

ಹಾಗೆಂದು ಅದನ್ನು ನನ್ನ ದೋಣಿಯ ಮುಂಭಾಗಕ್ಕೆ ಹಗ್ಗದಿಂದ ಕಟ್ಟಿ, ಉಳಿದವರ ಕಡೆ ತಿರುಗಿ ಹೇಳಿದಳು: "ನೋಡಿ, ಚೀಲ ಇರೋ ದೋಣೀನ ಯಾರೂ ದಾಟಿ ಹೋಗಬಾರದು. ಚೀಲ ನಿಂತ್ರೆ ಎಲ್ಲರೂ ನಿಲ್ಲಬೇಕು. ಚೀಲ ನನ್ನ ಪಕ್ಕದಲ್ಲೇ ಇರುತ್ತೆ."

ನನಗೆ ಸ್ವರ್ಗಕ್ಕೆ ಮೂರೇ ಗೇಣು. ನನ್ನ ಗೆಳೆಯರಲ್ಲಿ ಲಾರಿ ಟೈರನ್ನು ಒಂಟಿ ಕೈಯಲ್ಲಿ ಎತ್ತುವವನಿದ್ದ, ಅವನನ್ನು ಬಿಟ್ಟು ನನಗೆ ಕೊಟ್ಟಿದ್ದಳು! ಆ ಗುಂಗಿನಲ್ಲಿ ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸುಸ್ತಾದಾಗ ನಿಂತೆ, ಎಲ್ಲರೂ ನಿಂತರು. ಮತ್ತೆ ಹೊರಟೆ, ಎಲ್ಲರೂ ಹೊರಟರು. ದಡಕ್ಕೆ ಬಂದು ಚೀಲ ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ, ಅವಳ ಕೈಗೆ ಕೊಟ್ಟೆ. ಅವಳು ಒಂದು ಕ್ಷಣ ಚೀಲ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮರುವರ್ಷ ನಮ್ಮ ಮದುವೆಯಾಯಿತು.

ಮದುವೆಯ ಮೇಲೆ ನಾನೂ ಗ್ಯಾರೇಜು ಬಿಟ್ಟು ಅವಳಿದ್ದಲ್ಲಿಗೇ ಕೆಲಸಕ್ಕೆ ಸೇರಿದೆ. ಜನ ಒಂದು ದಂಡೆಯಲ್ಲಿ ನೀರಿಗಿಳಿದು ಇನ್ನೊಂದು ದಂಡೆಯಲ್ಲಿ ಏಳುತ್ತಾರಲ್ಲ, ಅವರನ್ನು ಅಲ್ಲಿಂದ ಕರೆತರುವ ವ್ಯಾನು ನನ್ನದು. ವ್ಯಾನಿಲ್ಲದ ಹೊತ್ತಿನಲ್ಲಿ ಬಿರುಕುಬಿಟ್ಟ ದೋಣಿಗಳಿಗೆ ತೇಪೆ ಹಾಕುವುದು. ನೀರಿಗೆ ಮಾತ್ರ ಮತ್ತೆ ಇಳಿಯಲಿಲ್ಲ. ಒಂದು ಸಲ ಗೆದ್ದವನು ಸುಮ್ಮನೆ ಯಾಕೆ ಮತ್ತೆ ಆಡಬೇಕು?

ಒಂದು ದಿನ ಶೆಡ್ಡಿನ ಹಿಂದಿನ ಮೂಲೆಯಲ್ಲಿ, ಮರದ ಅಡ್ಡಪಟ್ಟಿಗಳ ಮೇಲಿಟ್ಟ ದೋಣಿಯ ಕೆಳಗೆ ಮಲಗಿ ನಾನು ತೇಪೆ ಹಾಕುತ್ತಿದ್ದೆ. ಮುಂದುಗಡೆ ಅವಳು ಹೊಸದಾಗಿ ಸೇರಿದ ಹುಡುಗಿಗೆ ಕೆಲಸ ಹೇಳಿಕೊಡುತ್ತಿದ್ದಳು. ಎರಡು ಬೆರಳು ಬಾಯಿಗಿಟ್ಟರೆ ಎದುರು ಗುಡ್ಡಕ್ಕೆ ಕೇಳುವ ಹಾಗೆ ಸಿಳ್ಳೆ ಹೊಡೆಯುವ ಹುಡುಗಿ ಅದು. ಹಾಗಾಗಿ ಎಲ್ಲರ ಬಾಯಲ್ಲೂ ಸಿಳ್ಳೆ ಎಂದೇ ಹೆಸರು. ನಾನು ಹಿಂದೆ ಇದ್ದೇನೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಹಳದಿ ಚೀಲ ಯಾರಿಗೆ ಕೊಡಬೇಕು ಗೊತ್ತಾ?" ಅಂದಳು ನಮ್ಮವಳು. "ಗುಂಪಲ್ಲಿ ತೀರಾ ಕೈಲಾಗದವರಿಗೆ."

ನನ್ನ ಕಿವಿ ನೆಟ್ಟಗಾಯಿತು.

"ಬಾಯಿಬಿಟ್ಟು ಕೇಳಬೇಡ. ಕೇಳಿದ್ರೆ ಎಲ್ಲರೂ ಶೂರರೇ. ದೋಣಿ ಹೊತ್ಕೊಂಡು ನೀರಿನವರೆಗೆ ಬರ್ತಾರಲ್ಲ, ಆಗ ನೋಡು. ಅರ್ಧ ದಾರೀಲಿ ಕೈ ಬದಲಾಯಿಸೋರು ಯಾರು? ಲೈಫ್ ಜಾಕೆಟ್ಟಿನ ಬಕಲ್ ಮತ್ತೆ ಮತ್ತೆ ಮುಟ್ಟಿ ನೋಡ್ಕೊಳ್ಳೋರು ಯಾರು? ಸುಮ್ಮಸುಮ್ಮನೆ ಜೋಕ್ ಹೊಡೆಯೋರು ಯಾರು? ಮೂರೂ ಇದ್ರೆ ಕಣ್ಣು ಮುಚ್ಕೊಂಡು ಚೀಲ ಅವರಿಗೆ ಕೊಡು. ಹಳದಿ ಬಣ್ಣ ಎಷ್ಟು ದೂರದಿಂದಾನೂ ಕಾಣುತ್ತೆ. ಯಾರ ಮೇಲೆ ಕಣ್ಣಿಡಬೇಕು ಅಂತ ನಮಗೆ ಗೊತ್ತಾಗುತ್ತೆ. ಅವರು ಎಷ್ಟು ನಿಧಾನವೋ ಎಲ್ಲರೂ ಅಷ್ಟೇ ನಿಧಾನ. ಹಿಂದೆ ಬಿದ್ದೆ ಅನ್ನೋ ಅವಮಾನ ಅವರಿಗೂ ಇಲ್ಲ, ಕಾಯಬೇಕಲ್ಲ ಅನ್ನೋ ಗೊಣಗಾಟ ಬೇರೆಯವರಿಗೂ ಇಲ್ಲ."

"ಒಳಗೆ ಏನಿರುತ್ತೆ ಅಕ್ಕಾ?"

"ಹಳೇ ಟವೆಲ್ಲು."

ತೇಪೆಯ ಅಂಟು ಬ್ರಷ್ಷಿನಲ್ಲೇ ಒಣಗಿ ಕಲ್ಲಾಯಿತು. ನಾನು ಅಲ್ಲಾಡಲಿಲ್ಲ. ಅವತ್ತು ದೋಣಿ ಹೊರುವಾಗ ಕೈ ಬದಲಾಯಿಸಿದ್ದು, ನನ್ನ ಜೋಕುಗಳು, ಬಕಲ್ ಮುಟ್ಟಿಕೊಂಡ ನನ್ನ ಬೆರಳು, ಎಲ್ಲ ಕಣ್ಣಮುಂದೆ ಬಂತು. ಮೂರಕ್ಕೆ ಮೂರು!

ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು ಕೂತೆ. ಅವಳು ಏನು ಏನು ಎಂದು ಕೇಳಿ ಕೇಳಿ ಕೊನೆಗೆ ವಿಷಯ ಹೊರಬಿದ್ದಾಗ, ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅದರಿಂದ ನನಗೆ ಇನ್ನೂ ಉರಿಯಿತು.

"ಪಾಪ ಅಂತ ಮದುವೆ ಮಾಡ್ಕೊಂಡ್ಯಾ?" ಎಂದೆ.

"ಅಯ್ಯೋ ರೀ! ಪಾಪ ಅಂತ ಮಾಡ್ಕೊಳ್ಳೋದಾದ್ರೆ ನನಗೆ ಎಷ್ಟು ಗಂಡಂದಿರಾಗಿರಬೇಕಿತ್ತು ಲೆಕ್ಕ ಹಾಕಿ." ಆಮೇಲೆ ನಗು ನಿಲ್ಲಿಸಿ ಹತ್ತಿರ ಕೂತಳು. "ಚೀಲ ಹಿಡಿದವರೆಲ್ಲ ದಡಕ್ಕೆ ಬಂದ ತಕ್ಷಣ ಅದನ್ನ ಮರಳಿಗೆ ಎಸೆದು ಫೋಟೋ ತೆಗೆಸ್ಕೊಳ್ಳೋಕೆ ಓಡ್ತಾರೆ. ಒರೆಸಿ ಕೈಗೆ ಕೊಟ್ಟವರು ನೀವೊಬ್ಬರೇ. ಅದಕ್ಕೇ ಮಾಡ್ಕೊಂಡೆ."

ಇಂಥ ಮಾತಿಗೆ ಯಾರು ತಾನೇ ಎದುರಾಡುತ್ತಾರೆ? ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅತ್ತೆ ಮಾತ್ರ ತಲೆಯೆತ್ತದೆ, "ಅಳಿಯಂದ್ರೇ, ಆ ಚೀಲ ಹೊಲಿದವಳು ನಾನು. ಬೈಯೋದಿದ್ರೆ ನನಗೆ ಬೈಯಿರಿ" ಎಂದರು. ಅತ್ತೆ ಮೊದಲಿನಿಂದಲೂ ನಮ್ಮ ಜೊತೆಗೇ ಇರುವವರು. ನಾವು ಅವರ ಜೊತೆ ಇರುವವರು ಎಂದರೆ ಹೆಚ್ಚು ಸರಿ, ಏಕೆಂದರೆ ಮನೆ ಅವರದು, ಬಾಯಿಯೂ ಅವರದೇ.

ಚೀಲದ ಕತೆಯನ್ನು ಅವರೇ ಹೇಳಿದರು. ನಮ್ಮವಳು ಗೈಡ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಗಿನ ಮುಂದಾಳು ವಯಸ್ಸಾದವರೊಬ್ಬರನ್ನು, ಅವರ ಮಕ್ಕಳು ಸೊಸೆಯರ ಎದುರಿಗೇ, "ನಿಮ್ಮಿಂದಾಗಿ ಎಲ್ಲರಿಗೂ ಲೇಟು" ಎಂದು ಗದರಿದನಂತೆ. ದಡಕ್ಕೆ ಬಂದ ಮೇಲೆ ಆ ಮನುಷ್ಯ ಬಂಡೆಯ ಕಡೆ ಮುಖ ಮಾಡಿ ಕೂತವರು ಊಟಕ್ಕೂ ಏಳಲಿಲ್ಲವಂತೆ. ಇವಳು ಮನೆಗೆ ಬಂದು ಅದನ್ನು ಹೇಳಿ ಅತ್ತಳಂತೆ. ಆಗ ಅತ್ತೆ ಕೇಳಿದರಂತೆ: "ನನ್ನ ಹತ್ತಿರ ಹೊಲಿಸೋಕೆ ಬರ್ತಾರಲ್ಲ, ದಪ್ಪಗಾಗಿದ್ದೀರಿ ಅಂತ ಯಾರಿಗಾದ್ರೂ ಹೇಳ್ತೀನಾ? ಈ ಬಟ್ಟೆ ಒಗೆದ್ರೆ ಕುಗ್ಗುತ್ತೆ, ಅದಕ್ಕೆ ಸ್ವಲ್ಪ ಸಡಿಲ ಬಿಟ್ಟಿದ್ದೀನಿ ಅಂತೀನಿ. ನೀನೂ ಹಾಗೇನಾದ್ರೂ ಮಾಡು." ಎರಡು ದಿನ ಯೋಚಿಸಿ ಇವಳು ಚೀಲದ ಉಪಾಯ ಹೇಳಿದಳು, ಅತ್ತೆ ಹಳೆಯ ಹಳದಿ ರೇನ್‌ಕೋಟು ಕತ್ತರಿಸಿದರು. ಬಾಯಿ ಸುತ್ತಿ ಕಟ್ಟುವ ಹಾಗೆ ಎರಡು ಪಟ್ಟಿ, ತಳಕ್ಕೆ ಜೋಡಿ ಹೊಲಿಗೆ. ಆ ಚೀಲ ಇವತ್ತಿಗೂ ಒಂದು ಹೊಲಿಗೆ ಬಿಟ್ಟಿಲ್ಲ.

ನಮ್ಮವಳು ಎಂಥ ಗೈಡ್ ಎಂದು ಕೇಳಿದರೆ ಇದೇ ನನ್ನ ಉತ್ತರ. ಅಲೆ, ಗಾಳಿ, ಉಬ್ಬರ ಇಳಿತ ಎಲ್ಲ ಗೊತ್ತಿದ್ದವರು ಬೇಕಾದಷ್ಟು ಜನ ಇದ್ದಾರೆ. ಇವಳು ಯಾರನ್ನೂ ಅವರ ಮಕ್ಕಳೆದುರು ಚಿಕ್ಕವರಾಗಲು ಬಿಟ್ಟವಳಲ್ಲ. ಇಷ್ಟೆಲ್ಲ ಹೊಗಳುತ್ತೇನೆ, ಆದರೆ ಮನೆಯಲ್ಲಿ ಅವಳ ಜೊತೆ ಏಗುವುದು ಕಷ್ಟ. ಯಾರಿಂದಲೂ ಸಹಾಯ ತೆಗೆದುಕೊಳ್ಳಳು. ಗ್ಯಾಸ್ ಸಿಲಿಂಡರ್ ಬಂದರೆ ನಾನು ಬರುವಷ್ಟರಲ್ಲಿ ತಾನೇ ಉರುಳಿಸಿಕೊಂಡು ಹೋಗಿರುತ್ತಾಳೆ. ಜ್ವರ ಬಂದರೆ ನಮಗೆ ಗೊತ್ತಾಗುವುದು ಇಳಿದ ಮೇಲೆ. "ಇರಲಿ ಬಿಡೇ, ನಾನು ಮಾಡ್ತೀನಿ" ಎಂದರೆ, "ನೀವು ನಿಮ್ಮ ವ್ಯಾನ್ ನೋಡ್ಕೊಳ್ಳಿ ರೀ" ಎನ್ನುವುದೇ ಉತ್ತರ. ಊರಿಗೆಲ್ಲ ಚೀಲ ಹಂಚುವವಳಿಗೆ ತನ್ನ ಭಾರ ಇನ್ನೊಬ್ಬರು ಹೊರುವುದೆಂದರೆ ಆಗದು.

ಅಂಥವಳ ಬಲತೋಳು ಹೋದದ್ದೂ ಹೀಗೇ. ಕೊನೆಯ ದಂಡೆಯಲ್ಲಿ ಎಲ್ಲರೂ ಇಳಿಯುತ್ತಿದ್ದರು. ಒಬ್ಬ ಹೆಂಗಸಿನ ದೋಣಿಗೆ ಅರ್ಧ ನೀರು ತುಂಬಿತ್ತು. ಅವರು ಏಳುವಷ್ಟರಲ್ಲಿ ಅಲೆ ದೋಣಿಯನ್ನು ಹಿಂದಕ್ಕೆ, ಬಂಡೆಯ ಕಡೆಗೆ ಎಳೆಯಿತು. ಇವಳು ಹಾರಿ ದೋಣಿಯ ತುದಿಯ ಹಿಡಿಕೆಯನ್ನು ಹಿಡಿದಳು. ದೋಣಿ ನಿಂತಿತು, ಆದರೆ ತೋಳು ಭುಜದಿಂದ ಕಳಚಿಕೊಂಡಿತು. ನಾನು ಅಲ್ಲೇ ನಿಂತು ನೋಡಿದೆ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಬೈದೆ: "ಬಿಟ್ಟುಬಿಡೋಕೆ ಏನಾಗಿತ್ತು ನಿನಗೆ?"

"ಒಳಗೆ ಅವರು ಇದ್ದರಲ್ಲ ರೀ," ಎಂದಳು, ನೋವಿಗೆ ಹಲ್ಲು ಕಚ್ಚಿಕೊಂಡು. ದೋಣಿಯ ಮುಂದೆ ಹಳದಿ ಚೀಲ ಕಟ್ಟಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಆಪರೇಷನ್ ಆಯಿತು. ಕಡಲು ಒರಟಾಗಿರುವ ತಿಂಗಳುಗಳೆಲ್ಲ ಅವಳು ಮನೆಯಲ್ಲೇ ಇದ್ದಳು. ಬಾಗಿಲ ಹಿಡಿಕೆಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವುದು, ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುವುದು. ಅವಳಿಗೆ ಬೇಕಾಗಿದ್ದದ್ದು ಒಂದೇ: ಮತ್ತೆ ಮುಂದಾಳಾಗಿ ಮೂಗು ಸುತ್ತಿ ಬರುವುದು. ಮೂಗು ಎಂದರೆ ನಮ್ಮ ದಾರಿಯ ನಡುವೆ ಕಡಲಿಗೆ ಚಾಚಿಕೊಂಡಿರುವ ದೊಡ್ಡ ಬಂಡೆ. ಅಲೆಗಳು ಅದಕ್ಕೆ ಬಡಿದು ವಾಪಸು ಬಂದು ನೀರು ಅಲ್ಲಿ ಕುದಿಯುತ್ತಿರುತ್ತದೆ. ಮೂಗು ದಾಟಿಸಲು ಆಗದವರು ಗೈಡ್ ಅಲ್ಲ, ಟಿಕೆಟ್ ಕೊಡುವವರು ಎಂದು ಇವಳೇ ಹೇಳುತ್ತಿದ್ದಳು. ಈಗ ಆ ಮಾತು ಅವಳನ್ನೇ ಕುಟುಕುತ್ತಿತ್ತು.

ಅತ್ತೆ ತಮ್ಮದೇ ಚಿಕಿತ್ಸೆ ಶುರು ಮಾಡಿದರು. ಅಡುಗೆಮನೆಯ ಗೋಡೆಗೆ ಮೂರು ಹಲಗೆಯ ಕಪಾಟಿದೆ. ಸಕ್ಕರೆ ಡಬ್ಬ ಕೆಳಗಿನ ಹಲಗೆಯಲ್ಲಿಟ್ಟು, ಬಲಗೈಯಲ್ಲಿ ಮಗಳೇ ತೆಗೆಯಬೇಕು, ಇಲ್ಲದಿದ್ದರೆ ಯಾರಿಗೂ ಸಕ್ಕರೆಯಿಲ್ಲ ಎಂದರು. ಕೆಳಗಿನದು ಆದಮೇಲೆ ನಡುವಿನದು, ನಡುವಿನದು ಆದಮೇಲೆ ಮೇಲಿನದು. ನಾನು ಕೈ ಹಾಕಲು ಹೋದರೆ, "ಅಳಿಯಂದ್ರೇ, ಮುಟ್ಟಿದ್ರೆ ನೋಡಿ!" ಡಬ್ಬ ಹಲಗೆ ಹತ್ತಿದಾಗಲೆಲ್ಲ ನನ್ನ ಬಾಯಿಗೆ ಸಪ್ಪೆ ಚಹಾ. ಹೆಂಡತಿಯ ತೋಳಿಗಾಗಿ ಇಷ್ಟು ತ್ಯಾಗ ಮಾಡಿದ ಗಂಡ ಇನ್ನೊಬ್ಬನಿದ್ದರೆ ತೋರಿಸಿ.

ಟ್ರಿಪ್ಪುಗಳು ಮತ್ತೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಮೇಲಿನ ಹಲಗೆಯಿಂದ ಡಬ್ಬ ತೆಗೆದು, "ನೋಡಿ!" ಎಂದಳು. ನಾನು ಚಪ್ಪಾಳೆ ತಟ್ಟಿದೆ. ಅತ್ತೆ ತಟ್ಟಲಿಲ್ಲ. ಅವರು ನೋಡಿದ್ದನ್ನು ನಾನೂ ನೋಡಿದ್ದೆ. ಅವಳು ತುದಿಗಾಲಲ್ಲಿ ನಿಂತು, ಮೈಯನ್ನು ಓರೆ ಮಾಡಿ, ಬೆರಳ ತುದಿಯಿಂದ ಡಬ್ಬವನ್ನು ಜಾರಿಸಿಕೊಂಡಿದ್ದಳು. ಎದ್ದದ್ದು ಹಿಮ್ಮಡಿ, ತೋಳಲ್ಲ. ಅವಳ ಮುಖದಲ್ಲಿ ಅಷ್ಟು ಖುಷಿಯಿತ್ತು, ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಡಾಕ್ಟರು, "ನೀರಿಗೆ ಇಳೀಬಹುದು, ಎಷ್ಟು ದೂರ ಅನ್ನೋದನ್ನ ತೋಳನ್ನೇ ಕೇಳಿ" ಎಂದರು. ದೋಣಿಗಳ ಯಜಮಾನರು ಒಳ್ಳೆಯವರು. "ಮೊದಲನೇ ಟ್ರಿಪ್ಪಿಗೆ ಸಿಳ್ಳೆ ಮುಂದಾಳಾಗಿರಲಿ. ಬಾಲದಲ್ಲಿ ನೀನು ಬಾ, ನಾನೂ ಇರ್ತೀನಿ. ಆಯ್ತು ಅನ್ನಿಸಿದ್ರೆ ಮುಂದಿನದರಿಂದ ನಿನ್ನ ಜಾಗ ನಿನಗೆ" ಎಂದರು. ಬಾಲ ಎಂದರೆ ಎಲ್ಲರ ಹಿಂದೆ ಬಂದು ಕಾಯುವ ಗೈಡ್. ಅವಳು ಹೂಂ ಎಂದಳು. ಬಟ್ಟೆಗಳನ್ನು ಹಿಂದಿನ ದಿನವೇ ತೆಗೆದಿಟ್ಟಳು. ಲೈಫ್ ಜಾಕೆಟ್ಟಿನ ಸಡಿಲವಾದ ಪಟ್ಟಿಗೆ ಅತ್ತೆ ಹೊಸ ಹೊಲಿಗೆ ಹಾಕಿಕೊಟ್ಟರು.

ಅವತ್ತು ಬೆಳಿಗ್ಗೆ ಕಡಲು ಶಾಂತವಾಗಿತ್ತು, ಮೂಗಿನ ಕಡೆ ಮಾತ್ರ ಸ್ವಲ್ಪ ನೊರೆ ಕಾಣುತ್ತಿತ್ತು. ಬಂದಿದ್ದವರಲ್ಲಿ ಒಬ್ಬ ದಪ್ಪ ಅಡುಗೆಭಟ್ಟನಿದ್ದ, ಯಾವುದೋ ಹೋಟೆಲಿನವನು, ವ್ಯಾನಿನಿಂದ ಇಳಿಯುವಾಗಲೇ ಏದುಸಿರು ಬಿಡುತ್ತಿದ್ದ. ಚೀಲ ಇವನಿಗೇ ಸರಿ ಎಂದು ನಾನು ಮನಸ್ಸಿನಲ್ಲೇ ಕಟ್ಟಿ ಮುಗಿಸಿದೆ. ಇಬ್ಬಿಬ್ಬರಾಗಿ ದೋಣಿಗಳನ್ನು ಹೊತ್ತು ಮರಳ ಮೇಲೆ ನಡೆಯತೊಡಗಿದರು. ಸಿಳ್ಳೆ ನೀರಿನಂಚಿನಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು, ಕಲಿಸಿಕೊಟ್ಟಿದ್ದ ಹಾಗೆಯೇ.

ನಮ್ಮವಳು ಒಬ್ಬ ಉದ್ದನೆಯ ಮೇಷ್ಟರ ಜೊತೆ ದೋಣಿ ಹಿಡಿದಿದ್ದಳು. ಅರ್ಧ ದಾರಿಯಲ್ಲಿ, "ಒಂದು ನಿಮಿಷ, ಚಪ್ಪಲಿ" ಎಂದು ಕೆಳಗಿಟ್ಟಳು. ಬಗ್ಗಿ ಪಟ್ಟಿ ಸರಿಮಾಡಿಕೊಂಡಳು. ಮತ್ತೆ ಎತ್ತಿದಾಗ ಹಿಡಿ ಎಡಗೈಯಲ್ಲಿತ್ತು. ನೀರಿನ ಹತ್ತಿರ ಬಂದು ದೋಣಿಯಿಟ್ಟವಳು ಎದೆಯ ಬಕಲ್ ಮುಟ್ಟಿ ನೋಡಿಕೊಂಡಳು, ಸ್ವಲ್ಪ ಹೊತ್ತಿಗೆ ಮತ್ತೆ ಮುಟ್ಟಿಕೊಂಡಳು. ಆಮೇಲೆ ಮೇಷ್ಟರಿಗೆ ಏನೋ ತಮಾಷೆ ಹೇಳಿ ತಾನೇ ಜೋರಾಗಿ ನಕ್ಕಳು. ಮರಳ ಮೇಲೆ ನಿಂತು ಅವಳು ತಮಾಷೆ ಮಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

 ಸಿಳ್ಳೆಯ ಕಡೆ ನೋಡಿದೆ. ಅವಳು ನೋಡಿಬಿಟ್ಟಿದ್ದಳು.

ಸಿಳ್ಳೆ ತನ್ನ ದೋಣಿಯಿಂದ ಹಳದಿ ಚೀಲ ತೆಗೆದಳು. ಎಲ್ಲರನ್ನೂ ಒಂದು ಸುತ್ತು ನೋಡಿದಳು. ಅಡುಗೆಭಟ್ಟನ ಕಡೆ ನಡೆದಳು. ಸದ್ಯ, ಬದುಕಿದೆ ಎಂದುಕೊಂಡೆ. ಅವಳು ಅಡುಗೆಭಟ್ಟನನ್ನು ದಾಟಿದಳು. ಮೇಷ್ಟರನ್ನು ದಾಟಿದಳು. ತನಗೆ ಹುಟ್ಟು ಹಿಡಿಯುವುದನ್ನು ಕಲಿಸಿದವಳ ಮುಂದೆ ಬಂದು ನಿಂತಳು.

"ಇದರಲ್ಲಿ ಎಲ್ಲರಿಗೂ ಬೇಕಾಗೋ ತುರ್ತಿನ ಸಾಮಾನಿದೆ," ಅಂದಳು.  "ಗಟ್ಟಿ ಕೈಯವರ ಹತ್ತಿರಾನೇ ಇರಬೇಕು. ನೀವು ಇಟ್ಕೊಳ್ಳಿ ಅಕ್ಕಾ."

ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ಸೊಕ್ಕು ಈ ಹುಡುಗಿಗೆ! ಅನ್ನ ಹಾಕಿದ ಕೈಗೇ ಹೀಗೆ ಮಾಡುವುದಾ ಎಂದು ಎರಡು ಹೆಜ್ಜೆ ಮುಂದೆ ಹೋದೆ. ನಮ್ಮವಳು ನನ್ನ ಕಡೆ ನೋಡಿದಳು, ಬೇಡ ಎಂದು ಕಣ್ಣಲ್ಲೇ ತಡೆದಳು. ಆ ಕಣ್ಣು ತುಂಬಿತ್ತು. ಅವಳು ಏನು ಕಳೆದುಕೊಳ್ಳುತ್ತಿದ್ದಾಳೆ ಎಂದು ಆ ಮರಳ ಮೇಲೆ ಗೊತ್ತಿದ್ದವರು ನಾವು ನಾಲ್ಕೇ ಜನ. ಯಜಮಾನರು ತಮ್ಮ ದೋಣಿಯ ಹಗ್ಗವನ್ನು ಸುಮ್ಮನೆ ಬಿಚ್ಚಿ ಕಟ್ಟುತ್ತಿದ್ದರು.

ಅವಳು ಎರಡೂ ಕೈ ಚಾಚಿ ಚೀಲ ತೆಗೆದುಕೊಂಡಳು. "ಗಂಟು ಗಟ್ಟಿಯಾಗಿ ಹಾಕು," ಎಂದಳು ಸಿಳ್ಳೆಗೆ. 

ಸಿಳ್ಳೆ ಕಟ್ಟಿದಳು. ಎಲ್ಲರ ಕಡೆ ತಿರುಗಿ, ಚೀಲವನ್ನು ಯಾರೂ ದಾಟಬಾರದು, ಚೀಲ ನಿಂತರೆ ನಿಲ್ಲಬೇಕು ಎಂದು ಹೇಳಿದಳು. ಯಜಮಾನರು ಬಾಲಕ್ಕೆ ಹೋದರು. ದೋಣಿಗಳು ಹೊರಟವು.

ರಸ್ತೆ ಗುಡ್ಡದ ಹಿಂದಿನಿಂದ ಬಳಸಿ ಆಚೆಯ ದಂಡೆಗೆ ಹೋಗುತ್ತದೆ. ದಾರಿಯುದ್ದಕ್ಕೂ ಸಿಳ್ಳೆಗೆ ಏನೇನು ಅನ್ನಬೇಕು ಎಂದು ಬಾಯಿಪಾಠ ಮಾಡಿದೆ. ವ್ಯಾನು ನಿಲ್ಲಿಸಿ, ದುರ್ಬೀನು ಹಿಡಿದು, ಮೂಗು ಕಾಣುವ ದಿಬ್ಬ ಹತ್ತಿ ನಿಂತೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಬಂಡೆಯ ನೆರಳಿನಲ್ಲಿ ಕಡ್ಡಿಗಳಷ್ಟು ಸಣ್ಣ ದೋಣಿಗಳು ಕಂಡವು. ಯಾವುದು ಯಾರದೋ ತಿಳಿಯುತ್ತಿರಲಿಲ್ಲ, ಒಂದನ್ನು ಬಿಟ್ಟು. ಹಳದಿ ಚುಕ್ಕೆ ಮಾತ್ರ ನೆಟ್ಟಗೆ ಕಣ್ಣಿಗೆ ಬಿತ್ತು.

ಮೂಗಿನ ಹತ್ತಿರ, ಕುದಿಯುವ ನೀರು ಸಿಗುವ ಮುಂಚೆಯೇ, ಆ ಚುಕ್ಕೆ ನಿಂತಿತು. ಎಲ್ಲ ದೋಣಿಗಳೂ ನಿಂತವು. ಸಿಳ್ಳೆಯ ದೋಣಿ ಅವಳ ಪಕ್ಕಕ್ಕೆ ಬಂದು ಅಂಟಿಕೊಂಡಿತು, ಆಚೆ ಪಕ್ಕಕ್ಕೆ ಇನ್ನೊಂದು ಬಂತು, ಒಬ್ಬರ ದೋಣಿಯನ್ನು ಒಬ್ಬರು ಹಿಡಿದುಕೊಂಡು ತೇಲುತ್ತ ಇದ್ದರು. ಯಾರೂ ಅವಸರ ಮಾಡಲಿಲ್ಲ. ಮತ್ತೆ ಹೊರಟರು. ಕುದಿಯುವ ನೀರಿಗೆ ಬಂದಾಗ ಹಳದಿ ಚುಕ್ಕೆ ಅಲೆಯ ಹಿಂದೆ ಮಾಯವಾಯಿತು, ಎದ್ದಿತು, ಮತ್ತೆ ಮಾಯವಾಯಿತು.  ನನ್ನ ಇಡೀ ಜೀವ ಆ ಹಳೆಯ ರೇನ್‌ಕೋಟಿನ ತುಂಡಿನ ಮೇಲಿತ್ತು. ಆ ಚೀಲ ಇಲ್ಲದಿದ್ದರೆ ಅಷ್ಟು ದೋಣಿಗಳಲ್ಲಿ ನನ್ನವಳು ಯಾರೆಂದೇ ನನಗೆ ಗೊತ್ತಾಗುತ್ತಿರಲಿಲ್ಲ. ಇದು ಹೊಳೆದ ಮೇಲೆ ಬಾಯಿಪಾಠ ಮಾಡಿದ್ದ ಬೈಗುಳಗಳು ಒಂದೊಂದಾಗಿ ಮರೆತುಹೋದವು.

ದಂಡೆಗೆ ಬಂದಾಗ ಅವಳ ತುಟಿ ಬಿಳಿಚಿಕೊಂಡಿತ್ತು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ನೀರಿಗೇ ನುಗ್ಗಿ ದೋಣಿ ಹಿಡಿದೆ, ಪ್ಯಾಂಟು ತೊಡೆಯವರೆಗೆ ಒದ್ದೆ. ಅವಳು ಇಳಿದಳು, ಎಡಗೈಯಿಂದ ನಿಧಾನವಾಗಿ ಗಂಟು ಬಿಚ್ಚಿದಳು, ಚೀಲವನ್ನು ತೋಳಿನ ಬಟ್ಟೆಯಿಂದ ಒರೆಸಿ ಸಿಳ್ಳೆಯ ಕೈಗೆ ಕೊಟ್ಟಳು.

ಅಡುಗೆಭಟ್ಟ ಏದುಸಿರು ಬಿಡುತ್ತ ಬಂದ. "ಮೇಡಂ, ನೀವು ಮೂಗಿನ ಹತ್ತಿರ ನಿಂತ್ರಲ್ಲ, ನನ್ನ ಜೀವ ಉಳೀತು. ನನ್ನ ಕೈ ಸತ್ತೇಹೋಗಿತ್ತು. ಯಾವಾಗ ನಿಲ್ಲಬೇಕು ಅಂತ ಗೊತ್ತಿರೋರಿಗೇ ಚೀಲ ಕೊಡ್ತಾರೆ ಅಂತ ಈಗ ತಿಳೀತು."

"ಹೌದು," ಎಂದಳು ನಮ್ಮವಳು. "ಹಾಗೇ ಕೊಡೋದು."

ಸಿಳ್ಳೆ ವ್ಯಾನಿನ ಹಿಂದೆ ಹೋಗಿ ನಿಂತಿದ್ದಳು. ನಾವು ಹೋದಾಗ ಮೂಗು ಒರೆಸಿಕೊಳ್ಳುತ್ತಿದ್ದಳು. "ಅಕ್ಕಾ, ನನ್ನ ಮೇಲೆ ಕೋಪಾನಾ?"

"ಅಕ್ಕ ಅಂತ ನೋಡ್ಕೊಂಡು ನನ್ನ ಬಿಟ್ಟು ಆ ಅಡುಗೆಯವರಿಗೆ ಕೊಟ್ಟಿದ್ರೆ ಕೋಪ ಬರ್ತಿತ್ತು. ನಿನ್ನ ಕೈಗೆ ಇನ್ನೊಂದು ಸಲ ಜನರನ್ನ ಕೊಡ್ತಿರಲಿಲ್ಲ." ಎಡಗೈಯಿಂದ ಅವಳ ಒದ್ದೆ ತಲೆಯನ್ನು ಎಳೆದು ಭುಜಕ್ಕೆ ಒತ್ತಿಕೊಂಡಳು. "ಮುಂದಿನದೂ ನಿಂದೇ. ಯಜಮಾನರಿಗೆ ದಾರೀಲೇ ಹೇಳಿದ್ದೀನಿ. ಈಗ ಅಳೋದು ನಿಲ್ಲಿಸಿ ದೋಣಿ ಎಣಿಸು ಹೋಗು."

ನನ್ನ ಕಡೆ ತಿರುಗಿದ ಸಿಳ್ಳೆ, "ಭಾವ..." ಎಂದಳು. ನಾನು, "ಗಂಟು ಚೆನ್ನಾಗಿ ಹಾಕಿದ್ದೆ" ಎಂದೆ. 

ಜನರನ್ನು ಇಳಿಸಿ ಮನೆಯ ಕಡೆ ಹೊರಟಾಗ ಅವಳು ಕಿಟಕಿಗೆ ತಲೆಯಾನಿಸಿ ಹೇಳಿದಳು: "ಮೂಗಿನ ಹತ್ತಿರ ತೋಳು ಸೋತೇಹೋಯ್ತು ರೀ. ಚೀಲ ಇತ್ತು, ಅದಕ್ಕೆ ನಿಂತೆ. ಇಲ್ಲದಿದ್ರೆ ನಾನು ನಿಲ್ತಿರಲಿಲ್ಲ. ನಿಮಗೆ ಗೊತ್ತಲ್ಲ ನನ್ನ ಬುದ್ಧಿ." ಆಮೇಲೆ ಅತ್ತಳು. ನಾನು ವ್ಯಾನನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ.  ನನಗೂ ಅಳು ಬಂದಿತ್ತು.

ಮನೆಯಲ್ಲಿ ಅತ್ತೆ ಚಹಾಕ್ಕೆ ನೀರಿಟ್ಟಿದ್ದರು. ಒಳಗೆ ಬಂದವಳನ್ನು ಕನ್ನಡಕದ ಮೇಲಿನಿಂದ ನೋಡಿ, "ಹೇಗಾಯ್ತೇ?" ಎಂದರು.

"ಚೀಲ ನನಗೇ ಕೊಟ್ಟರು ಅಮ್ಮಾ."

ಅತ್ತೆ ಮಗಳ ಬೆನ್ನು ಸವರಿದರು.  ಆಮೇಲೆ ಸ್ಟೂಲು ಎಳೆದುಕೊಂಡು, ಸಕ್ಕರೆ ಡಬ್ಬವನ್ನು ಕೆಳಗಿನ ಹಲಗೆಗೆ ಇಳಿಸಲು ಹೊರಟರು.

"ಅಲ್ಲೇ ಇರಲಿ ಬಿಡಮ್ಮ," ಎಂದಳು ಅವಳು. ಕಪಾಟಿನ ಮುಂದೆ ನಿಂತಳು, ತಲೆಯೆತ್ತಿ ಡಬ್ಬ ನೋಡಿದಳು. ಈ ಸಲ ತುದಿಗಾಲಲ್ಲಿ ನಿಲ್ಲಲಿಲ್ಲ. ನನ್ನ ಕಡೆ ತಿರುಗಿ, ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಅವಳ ಬಾಯಿಂದ ಕೇಳಿರದ ಮಾತು ಹೇಳಿದಳು.

"ರೀ, ನನಗೆ ಆಗ್ತಿಲ್ಲ. ಸ್ವಲ್ಪ ತೆಗೆದುಕೊಡಿ."

ನಾನು ಡಬ್ಬ ಇಳಿಸಿದೆ. ಅವಳ ಎರಡೂ ಅಂಗೈ ಸೇರಿಸಿ ಅದರ ಮೇಲಿಟ್ಟೆ. "ಗಟ್ಟಿ ಕೈಯವರ ಹತ್ತಿರಾನೇ ಇರ್ಬೇಕು ಇದು," ಎಂದೆ. "ನೀನು ಇಟ್ಕೋ."

ಅವಳು ಅಳುತ್ತಲೇ ನಕ್ಕಳು. ಅತ್ತೆ ನನ್ನ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿದರು.